ಬೊಂಬಾಯಿ ಬಿಟ್ಟ ಕಾರಣ

ಮನೆಗೆ ಯಾರೇ ಬರಲಿ, ನಮ್ಮವ್ವ ಉಡಚಮ್ಮ ಸೊಸೆಯ ಕಡೆ ಕೈ ತೋರಿಸಿ ಒಂದೇ ಮಾತು ಹೇಳುತ್ತಿದ್ದಳು. "ಇವ್ಳು ಇರ್ಲಿಲ್ಲಾಂದ್ರೆ ನನ್ನ ಮಗ ಬೊಂಬಾಯಿ ಪಾಲಾಗಿ ಹೋಗಿರೋನು. ಕೈ ಹಿಡ್ಕಂಡು ಊರಿಗೆ ಕರ್ಕಂಡ್ ಬಂದ್ಲು ನೋಡ್ರಿ, ಮಹಾತಾಯಿ." ಕುಕ್ಕುವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಈ ಮಾತು ಬಂದ ಕೂಡಲೇ ಅತ್ತಿಗೆ ಕಸ್ತೂರಮ್ಮ ತಲೆ ತಗ್ಗಿಸಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಹೊಗಳಿಕೆಗೆ ನಾಚಿಕೊಂಡಳು ಅಂತ ಬಂದವರು ತಿಳಿಯುತ್ತಿದ್ದರು. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ.

ಅತ್ತಿಗೆ ನಮಗೆ ಹೊರಗಿನವಳಲ್ಲ. ಹರಿಹರದ ಹತ್ತಿರ ಸಾರಥಿಯಲ್ಲಿರುವ ನಮ್ಮ ಸೋದರಮಾವನ ಮಗಳು. ಸಣ್ಣವರಿದ್ದಾಗ ರಜೆಗೆ ಹೋದರೆ ಹೆಣ್ಣುಮಕ್ಕಳು ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಹೀಗಾಗಿ ಅಣ್ಣನ ಹೆಂಡತಿಯಾಗಿ ಬಂದ ಮೇಲೂ ನನ್ನ ಬಾಯಲ್ಲಿ ಅವಳಿಗೆ ಏಕವಚನವೇ ಉಳಿಯಿತು. ಓದಿನಲ್ಲಿ ಚುರುಕು. ಹಾಡು ಹೇಳಿಕೊಂಡು, ಕೈಯಲ್ಲಿ ಏನಾದರೂ ಮಾಡಿ ತೋರಿಸಿಕೊಂಡು ಸಣ್ಣ ಮಕ್ಕಳನ್ನು ಕೂರಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಟಿ.ಸಿ.ಎಚ್. ಮುಗಿಸಿದ್ದಳು. ಮಾಸ್ತರಿಕೆ ಸಿಗುವುದರಲ್ಲಿತ್ತು. ಅಷ್ಟರಲ್ಲಿ, ಎಪ್ಪತ್ತೆರಡರಲ್ಲಿ, ನಮ್ಮಣ್ಣ ಕೊಟ್ಟೂರೇಶನಿಗೆ ಕೊಟ್ಟು ಮದುವೆ ಮಾಡಿದರು.

ಅಣ್ಣ ಆಗ ಬೊಂಬಾಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದ. ಕುಕ್ಕುವಾಡದಿಂದ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಅವನೇ ಮೊದಲು. ಅಲ್ಲಿ ಅವನು ಮಾಡುವುದೇನು ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಅವ್ವ "ಕರೆಂಟಿನ ಆಫೀಸಿನಾಗೆ ಅದಾನೆ" ಅನ್ನುತ್ತಿದ್ದಳು. ಅತ್ತಿಗೆ ಮೊದಲ ಸಲ ತವರಿಗೆ ಬಂದಾಗ ನಾನೇ ಕೇಳಿದೆ.

"ನ್ಯೂಟ್ರಿನೊ ಅಂತ ಒಂದು ಐತಂತೆ," ಅಂದಳು. "ಗೋಡೆ, ಗುಡ್ಡ, ನಮ್ಮ ಮೈ, ಎಲ್ಲಾದ್ರೊಳಗಿಂದ ಸುಮ್ನೆ ದಾಟಿ ಹೋಗ್ತದಂತೆ. ಅಣುಶಕ್ತಿ ಒಲೆ ಉರಿಯೋ ಕಡೆ ಅದು ಲೆಕ್ಕ ಇಲ್ಲದಷ್ಟು ಹುಟ್ತದಂತೆ. ನಿಮ್ಮಣ್ಣ ಅದನ್ನ ಹಿಡಿಯಾಕೆ ಕೂತಾರೆ."

"ಸಿಕ್ತಾ?"

"ಸಿಕ್ಕ ದಿನ ನಿನಗೆ ತಾರು ಕೊಡ್ತೀನಿ ತಗಾ," ಅಂದು ನಕ್ಕಿದ್ದಳು.

ಬೊಂಬಾಯಿ ಅವಳಿಗೆ ಒಗ್ಗಲಿಲ್ಲ ಅನ್ನುವುದು ಮುಂದೆ ನಮ್ಮ ಬಳಗದಲ್ಲೆಲ್ಲ ಗಟ್ಟಿಯಾಗಿ ನಿಂತ ಮಾತು. ನಿಜ ಹೇಳಬೇಕೆಂದರೆ ಅವಳಿಗೆ ಆ ಊರು ಬಹಳ ಚೆನ್ನಾಗಿ ಒಗ್ಗಿತ್ತು. ಚೆಂಬೂರಿನಲ್ಲಿ ಒಂದು ರೂಮು, ಒಂದು ಅಡುಗೆಮನೆ. ಮಾಟುಂಗಾದಲ್ಲಿ ಕನ್ನಡದವರು ನಡೆಸುತ್ತಿದ್ದ ಶಿಶುವಿಹಾರದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತುವುದನ್ನು ಕಲಿತಿದ್ದಳು, ಮರಾಠಿಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಳು. ಎಪ್ಪತ್ತೈದರಲ್ಲಿ ಬಸುರಿಯಾದಳು. ಕಾರ್ತಿಕ ಕಳೆದು ಚಳಿ ಹಿಡಿಯುವ ಹೊತ್ತಿಗೆ, ಏಳು ತುಂಬುವ ಮೊದಲೇ ಕೂಸು ಹೋಯಿತು. ಆಸ್ಪತ್ರೆಯಲ್ಲಿ ಅತ್ತೂ ಅತ್ತೂ ಗಂಡನ ಕೈ ಹಿಡಿದು "ನನ್ನ ಊರಿಗೆ ಕರ್ಕಂಡ್ ಹೋಗ್ರಿ" ಅಂದಳಂತೆ. ಅಣ್ಣ ಅವಳ ತಲೆಯ ಮೇಲೆ ಕೈ ಇಟ್ಟು "ಆತು. ಕೆಲಸ ಬಿಟ್ಟೇ ಬರ್ತೀನಿ. ನಿನಗಿಂತ ಅದು ಹೆಚ್ಚಲ್ಲ" ಅಂದನಂತೆ.

ಅವಳು ಕೇಳಿದ್ದು ಒಂದೆರಡು ತಿಂಗಳ ಬಾಣಂತನದ ಆರೈಕೆ. ಅವನು ಕೊಟ್ಟಿದ್ದು ಇಡೀ ಬದುಕು. ಅಷ್ಟು ದೊಡ್ಡದನ್ನು ಕೊಟ್ಟವನ ಮುಂದೆ "ನಾನು ಕೇಳಿದ್ದು ಅದಲ್ಲ" ಅನ್ನುವುದು ಹೇಗೆ? ಸಂಕ್ರಾಂತಿ ಕಳೆದ ಮೇಲೆ ಇಬ್ಬರೂ ಎರಡು ಟ್ರಂಕಿನೊಂದಿಗೆ ಊರಿಗೆ ಬಂದಿಳಿದರು.

ಅಣ್ಣನಿಗೆ ದಾವಣಗೆರೆಯ ಒಂದು ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು. ಮುಂದೆ ಸ್ನೇಹಾ ಹುಟ್ಟಿದಳು. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆಯಾಯಿತು. ಪಾಠ ಚೆನ್ನಾಗಿ ಮಾಡುತ್ತಾನೆ ಅಂತ ಹೆಸರೂ ಬಂತು. ಬೊಂಬಾಯಿಯ ಸಂಗತಿ ತಿಳಿದವರು ಮನೆಗೆ ಬಂದರೆ ಕೇಳಿಯೇ ಕೇಳುವರು: "ಅಂಥಾ ಜಾಗ ಯಾಕ ಬಿಟ್ಟು ಬಂದ್ರಿ ಸಾರ್?" ಅಣ್ಣ ಸಣ್ಣಗೆ ನಕ್ಕು "ಮನೆಯವರಿಗೆ ಆ ಊರು ಒಗ್ಗಲಿಲ್ಲ" ಅನ್ನುತ್ತಿದ್ದ. ಆ ಮನೆಯವರು, ಅಂದರೆ ಅತ್ತಿಗೆ, ಕಾಫಿಯ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದಳು. ಬಂದವರು ಅವಳನ್ನು ಒಂದು ಥರ ನೋಡುತ್ತಿದ್ದರು. ಆ ನೋಟ ನಾನೂ ಕಂಡಿದ್ದೇನೆ. ಬೈಗುಳವಲ್ಲ, ಆದರೆ ಬೈಗುಳಕ್ಕಿಂತ ಬೇರೆಯೂ ಅಲ್ಲ.

ಅವಳು ಆ ಋಣ ತೀರಿಸಲು ಏನೆಲ್ಲ ಮಾಡಿದಳು ಅನ್ನುವುದು ನನಗೆ ಬಿಡಿಬಿಡಿಯಾಗಿ ಗೊತ್ತಿತ್ತು. ಪಿ.ಜೆ. ಬಡಾವಣೆಯ ಶಾಲೆಯೊಂದರವರು ಮನೆಗೇ ಬಂದು ಕರೆದಾಗ ಬರುವುದಿಲ್ಲ ಅಂದಳು. "ಅವರು ನನ್ನ ಸಲುವಾಗಿ ಅಷ್ಟು ಬಿಟ್ಟಾರೆ. ಮನೆಯಾಗೆ ಅವರಿಗೆ ಓದಾಕೆ ಪುರುಸೊತ್ತಾದ್ರೂ ಇರ್ಲಿ" ಅಂತ ನನ್ನ ಮುಂದೆ ಹೇಳಿದಳು. ಮುಂದಿನ ಕೋಣೆ ಪೂರ್ತಿ ಅವನ ಪುಸ್ತಕಕ್ಕೆ. ಅವನು ಅಲ್ಲಿ ಕೂತರೆ ಮಿಕ್ಸಿ ಸಹ ತಿರುಗುತ್ತಿರಲಿಲ್ಲ. ಎಂಬತ್ಮೂರರಲ್ಲಿ ಮೈಸೂರಿನಿಂದ ಅವನ ಹಳೇ ಮೇಷ್ಟರೊಬ್ಬರು ತಮ್ಮ ಸಂಶೋಧನೆಗೆ ಬಾ ಅಂತ ಕರೆದರು. ಅತ್ತಿಗೆ ಅವತ್ತೇ ಅಟ್ಟದಿಂದ ಟ್ರಂಕು ಇಳಿಸಿದಳು. "ನಡ್ರಿ, ಎಲ್ಲಿಗಂದ್ರೆ ಅಲ್ಲಿಗೆ ಬರ್ತೀನಿ" ಅಂದಳು. ಅಣ್ಣ ಪೇಪರಿನಿಂದ ತಲೆ ಎತ್ತದೆ "ನಿನಗೆ ಒಗ್ಗಲ್ಲ ಬಿಡು" ಅಂದ. ಅವಳು ಟ್ರಂಕು ಒರೆಸಿ ಮತ್ತೆ ಅಟ್ಟಕ್ಕೆ ಏರಿಸಿದಳು.

ಅವನ ವಿಷಯದ ಬಗ್ಗೆ ಅವಳು ಮತ್ತೆಂದೂ ಕೇಳಲಿಲ್ಲ. ಊರಲ್ಲಿ ಅವನ ಭಾಷಣ ಎಷ್ಟೋ ಆದವು, ಒಂದಕ್ಕೂ ಹೋಗಲಿಲ್ಲ. ನೋಯುವ ಹಲ್ಲಿನ ಕಡೆಯಿಂದ ಯಾರೂ ಅಗಿಯುವುದಿಲ್ಲವಲ್ಲ, ಹಾಗೆ.

ತೊಂಬತ್ತೆಂಟರ ಜೂನಿನಲ್ಲಿ ಪೇಪರಿನ ಒಳಪುಟದಲ್ಲಿ ಒಂದು ಸುದ್ದಿ ಬಂತು. ಜಪಾನಿನಲ್ಲಿ ಗುಡ್ಡದ ಅಡಿಯ ದೊಡ್ಡ ನೀರಿನ ತೊಟ್ಟಿಯೊಳಗೆ ನ್ಯೂಟ್ರಿನೊಗಳನ್ನು ಹಿಡಿದು ನೋಡಿದವರು, ಅವು ದಾರಿಯಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತವೆ, ಅವಕ್ಕೂ ತೂಕ ಇದೆ ಅಂತ ಹೇಳಿದ್ದರು. ಅಣ್ಣ ಆ ಪುಟ ಹಿಡಿದುಕೊಂಡು ಹಿತ್ತಲಲ್ಲಿ ಬಹಳ ಹೊತ್ತು ನಿಂತಿದ್ದನಂತೆ. ಆಮೇಲೆ ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಅತ್ತಿಗೆ ದಾವಣಗೆರೆಯಲ್ಲೇ ಇದ್ದ ನನ್ನ ಗಂಡನ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. "ನಾನು ಕಿತ್ಕಂಡ್ ಬರ್ದಿದ್ರೆ ಇವತ್ತು ಇವರ ಹೆಸರೂ ಅದರಾಗೆ ಇರ್ತಿತ್ತೇನೋ ತಂಗಿ" ಅಂದಳು. ನಾನು ಏನೋ ಸಮಾಧಾನ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಶ್ರಾವಣ ಮುಗಿದ ಮೇಲೆ ಯಾಸ್ಮೀನ್ ಬಂದಳು. ಅಣ್ಣನ ಹಳೇ ವಿದ್ಯಾರ್ಥಿನಿ, ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಾಲ್ಲೂಕಿನ ವಿಜ್ಞಾನ ಶಿಕ್ಷಕರಿಗೆ ಈ ನ್ಯೂಟ್ರಿನೊ ಸಂಗತಿ ತಿಳಿಸಿಕೊಡಬೇಕು ಅಂತ ಅಣ್ಣನನ್ನು ಕರೆಯಲು ಬಂದವಳು, ಹೋಗುವಾಗ ಅತ್ತಿಗೆಯ ಕೈ ಹಿಡಿದುಕೊಂಡಳು. "ಅಮ್ಮಾ, ನೀವೂ ಬರ್ಬೇಕು. ಸರ್ ಪಾಠ ಒಂದು ಸಲನಾದ್ರೂ ಕೇಳ್ರಿ." ಅತ್ತಿಗೆ ಬೇಡ ಬೇಡ ಅಂದರೂ ಆ ಹುಡುಗಿ ಬಿಡಲಿಲ್ಲ. ಜೊತೆಗೆ ನಾನೂ ಹೊರಟೆ. ಹರಿಹರದಿಂದ ಹಾಗೇ ಸಾರಥಿಗೆ ಹೋಗಿ ಮಾವನನ್ನು ನೋಡಿಕೊಂಡು ಬರೋಣ ಅಂತ ನಮ್ಮ ಲೆಕ್ಕ.

ಶಾಲೆಯ ದೊಡ್ಡ ಕೋಣೆಯಲ್ಲಿ ಭಾಷಣ. ನಾವು ಹೆಂಗಸರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆವು. ಅಣ್ಣ ಮಾತಿಗೆ ನಿಂತ ಮೇಲೆ ಬೇರೆ ಮನುಷ್ಯನೇ ಆದ. ಮನೆಯಲ್ಲಿ ನಾಲ್ಕು ಮಾತಿಗೆ ಒಂದು ಆಡುವವನು ಇಲ್ಲಿ ಕೈ ಬೀಸಿ, ಬೋರ್ಡಿನ ತುಂಬ ಬರೆದು, ನಗಿಸಿ ಹೇಳಿದ.

"ಸೂರ್ಯನ ಹೊಟ್ಟೆಯಾಗೆ ಹೈಡ್ರೋಜನ್ ಬೀಜಗಳು ಒಂದಕ್ಕೊಂದು ಕೂಡಿ ಹೀಲಿಯಂ ಆಗ್ತವೆ. ಇದು ಸಮ್ಮಿಳನ. ಅಲ್ಲಿ ಹುಟ್ಟಿದ ಶಾಖ ಒದ್ದಾಡಿಕೊಂಡು ಮೇಲಕ್ಕೆ ಬಂದು ಬಿಸಿಲಾಗೋದಕ್ಕೆ ಸಾವಿರಾರು ವರ್ಷ ಹಿಡೀತದೆ. ನಾವು ಕಾಣೋ ಬಿಸಿಲು ಹಳೇ ಸುದ್ದಿ. ನ್ಯೂಟ್ರಿನೊ ಹಂಗಲ್ಲ. ಹುಟ್ಟಿದ್ದೇ ಹೊರಗೆ ಬಿದ್ದು ಎಂಟು ನಿಮಿಷಕ್ಕೆ ಇಲ್ಲಿರ್ತದೆ. ಸೂರ್ಯನ ಒಳಗೆ ಈಗ ಏನು ನಡೆದೈತೆ ಅಂತ ನೇರವಾಗಿ ಬಂದು ಹೇಳೋದು ಅದು. ಆದರೆ ಲೆಕ್ಕದ ಪ್ರಕಾರ ಬರಬೇಕಾದಷ್ಟು ಬರ್ತಿರಲಿಲ್ಲ. ಕೆಲವು ಯಂತ್ರದಾಗೆ ಅರ್ಧ, ಕೆಲವಲ್ಲಿ ಮೂರನೇ ಒಂದು ಪಾಲು. ಮೂವತ್ತು ವರ್ಷ ಜನ ಬಡಿದಾಡಿದರು, ತಪ್ಪು ಸೂರ್ಯನ ಲೆಕ್ಕದಾಗೋ, ನಮ್ಮ ಯಂತ್ರದಾಗೋ ಅಂತ. ಈಗ ಜಪಾನಿನವರು ಕಂಡದ್ದು ಗಾಳಿಯಾಗೆ ಹುಟ್ಟಿದ ನ್ಯೂಟ್ರಿನೊ. ಅವು ದಾರಿಯಾಗೆ ಬದಲಾಗ್ತವೆ ಅಂದ ಮೇಲೆ ಸೂರ್ಯನಿಂದ ಬರೋವೂ ಬದಲಾಗಿರಬಹುದು. ಹಂಗಿದ್ರೆ ಸೂರ್ಯಂದೂ ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ."

ಆಮೇಲೆ ರಿಯಾಕ್ಟರಿನ ಮಾತಿಗೆ ಬಂದ. ಅಲ್ಲಿ ನಡೆಯುವುದು ಇದರ ಉಲ್ಟಾ, ಯುರೇನಿಯಂ ಬೀಜ ಒಡೆಯುವುದು, ಅದಕ್ಕೆ ವಿದಳನ ಅನ್ನುತ್ತಾರೆ ಅಂದ. ಒಡೆದ ಚೂರುಗಳಿಂದ ಪ್ರತಿನ್ಯೂಟ್ರಿನೊ ಹೊರಬೀಳುತ್ತವೆ, ಎಷ್ಟೇ ದಪ್ಪ ಗೋಡೆ ಕಟ್ಟಿದರೂ ಅವನ್ನು ತಡೆಯಲು ಆಗುವುದಿಲ್ಲ, ಆದ್ದರಿಂದ ಹೊರಗೆ ಕೂತೇ ಒಳಗೆ ಎಷ್ಟು ಉರಿಯುತ್ತಿದೆ ಅಂತ ಎಣಿಸಿ ಹೇಳಬಹುದು. ಹಿಡಿಯುವ ಬಗೆಯನ್ನೂ ಹೇಳಿದ. ಒಂದು ತೊಟ್ಟಿ ತುಂಬ ವಿಶೇಷ ದ್ರವ. ಕೋಟಿ ಕೋಟಿ ದಾಟಿ ಹೋದರೆ ಎಲ್ಲೋ ಒಂದು ತಗುಲಿ, ಒಂದರ ಹಿಂದೆ ಒಂದು ಎರಡು ಸಣ್ಣ ಮಿಂಚು ಹೊಳೆಯುತ್ತವೆ. ಆ ಜೋಡಿ ಮಿಂಚೇ ಗುರುತು.

ವಯಸ್ಸಾದ ಮೇಷ್ಟರೊಬ್ಬರು ಎದ್ದು ಕೇಳಿದರು. "ಸರ್, ಹೊಳೆದದ್ದು ಅದರಿಂದಲೇ ಅಂತ ಹೆಂಗೆ ಹೇಳ್ತೀರಿ? ಬೇರೆ ಏನಾದ್ರೂ ಇರಬಹುದಲ್ಲ?"

ಅಣ್ಣ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ. "ರಿಯಾಕ್ಟರನ್ನ ರಿಪೇರಿಗೆ ಅಂತ ಆಗಾಗ ನಿಲ್ಲಿಸ್ತಾರೆ. ಆಗ ಎಣಿಕೆ ಇಳೀಬೇಕು. ಇಳಿದಷ್ಟು ರಿಯಾಕ್ಟರಿಂದ ಬಂದದ್ದು. ಇಳೀಲೇ ಇಲ್ಲಾಂದ್ರೆ..." ಅಂದವನು ನಿಂತ. ಲೋಟ ಎತ್ತಿ ನೀರು ಕುಡಿದ. "ಇಳೀಲಿಲ್ಲಾಂದ್ರೆ ನಾವು ಹಿಡಿದದ್ದು ಬೇರೆ ಏನೋ."

"ನಮಗೆ ಇಳೀಲೇ ಇಲ್ಲಲ್ಲೋ ಕೊಟ್ಟೂರೇಶಾ!" ಅಂತ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ತಿರುಗಿ ನೋಡಿದರೆ ಸ್ಥೂಲ ದೇಹದ, ಬಿಳಿ ಮೀಸೆಯ ಒಬ್ಬರು ಬಾಯ್ತುಂಬ ನಗುತ್ತಿದ್ದಾರೆ. ಅಣ್ಣ ನಗಲಿಲ್ಲ. ಅವನ ಮುಖ ಸುಣ್ಣದ ಹಾಗಾಯಿತು. ಹೇಗೋ ಎರಡು ಮಾತಾಡಿ ಮುಗಿಸಿದ.

ಅವರ ಹೆಸರು ಶಿವಮೂರ್ತಪ್ಪ. ಹರಿಹರದವರೇ. ಬೊಂಬಾಯಿಯಲ್ಲಿ ಅಣ್ಣನ ಜೊತೆ ಅದೇ ಗುಂಪಿನಲ್ಲಿದ್ದವರು, ಕೊನೆಯವರೆಗೂ ಅಲ್ಲೇ ಇದ್ದು ನಿವೃತ್ತಿ ತಗೊಂಡವರು. ಊರಲ್ಲಿದ್ದ ತಮ್ಮ ಬಳಗದವರ ಮನೆಗೆ ಬಂದಿದ್ದಾಗ ಶಾಲೆಯ ಗೇಟಿನಲ್ಲಿ ಹಾಕಿದ ಬೋರ್ಡು ನೋಡಿ ಒಳಗೆ ಬಂದಿದ್ದರು. ಹೊರಗೆ ಮೇಷ್ಟರುಗಳು ಅಣ್ಣನನ್ನು ಸುತ್ತಿಕೊಂಡಿದ್ದರು. ನಮ್ಮನ್ನೂ ಶಿವಮೂರ್ತಪ್ಪನವರನ್ನೂ ಯಾಸ್ಮೀನ್ ಸ್ಟಾಫ್ ರೂಮಿನಲ್ಲಿ ಕೂರಿಸಿ ಮಂಡಕ್ಕಿ, ಮಿರ್ಚಿ ಕೊಟ್ಟಳು.

ಅತ್ತಿಗೆಗೆ ಅವರ ಗುರುತು ಸಿಕ್ಕಿತು. ಚೆಂಬೂರಿನ ಮನೆಗೆ ಊಟಕ್ಕೆ ಬರುತ್ತಿದ್ದರಂತೆ. ಅದೂ ಇದೂ ಮಾತಾದ ಮೇಲೆ ಅವಳೇ ಅಂದಳು, "ನನ್ನಿಂದ ಇವರು ಎಲ್ಲಾ ಬಿಟ್ಟು ಬರಬೇಕಾತು ನೋಡ್ರಿ."

"ನಿಮ್ಮಿಂದ? ಏ, ಇಲ್ಲ ತಗೀರಿ," ಅಂದರು ಅವರು ಮಿರ್ಚಿ ಮುರಿಯುತ್ತ. "ಅವನು ದಸರಾಕ್ಕೆ ಮೊದಲೇ ರಾಜೀನಾಮೆ ಕೊಟ್ಟಿದ್ದ. ನೀವಾಗ ಬಸುರಿ, ನೆನಪೈತೆ ನನಗೆ. ಇಂಥಾ ಹೊತ್ತಿನಾಗೆ ಕೆಲಸ ಬಿಡಬ್ಯಾಡೋ ಅಂತ ಎಷ್ಟು ಹೇಳಿದ್ವಿ. ನೋಟಿಸಿನ ಅವಧಿ ಅಂತ ಸಂಕ್ರಾಂತಿ ತನಕ ಬಂದ, ಅಷ್ಟೇ."

"ದಸರಾಕ್ಕೆ ಮೊದ್ಲಾ?"

"ಹೂಂ. ಆ ಎಣಿಕೆಯ ಗಲಾಟೆ ಆತಲ್ಲ, ಅದು ಆದ ಕೂಡಲೇ." ಅತ್ತಿಗೆಗೆ ಏನೂ ತಿಳಿದಿಲ್ಲ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಹಳೇ ಕಥೆ ಹೇಳುವ ಖುಷಿಯಲ್ಲಿ ಮುಂದುವರಿದರು. "ಅವನ ತಪ್ಪೂ ಅಲ್ಲ ಅದು. ಮುಂದಿನ ಬ್ಯಾಸಿಗಿಗೆ ಕಾರಣ ಸಿಕ್ತು. ಹೊರಗಿನ ಉಪದ್ರವ ತಡೀಲಿ ಅಂತ ತೊಟ್ಟಿ ಸುತ್ತ ನಾವೇ ಸೀಸದ ಇಟ್ಟಿಗೆ ಪೇರಿಸಿದ್ವಿ. ಆಕಾಶದಿಂದ ಬೀಳೋ ಕಣ ಆ ಸೀಸಕ್ಕೇ ಬಡಿದು ನ್ಯೂಟ್ರಾನ್ ಎಬ್ಬಿಸ್ತಿದ್ವು. ಅವೂ ಥೇಟ್ ಅಂಥಾದೇ ಜೋಡಿ ಮಿಂಚು ಕೊಡೋವು. ರಿಯಾಕ್ಟರ್ ಉರೀಲಿ, ಆರಲಿ, ಅವಕ್ಕೇನು? ಆಮ್ಯಾಲೆ ನಮಗೆ ದುಡ್ಡು ನಿಂತು ಹೋತು, ಕೆಲಸನೂ ನಿಂತು ಹೋತು. ಬೇರೆ ದೇಶದೋರು ಮಾಡಿ ತೋರಿಸಿದ್ರು. ಇವನು ಆರು ತಿಂಗಳು ತಡೆದಿದ್ರೆ ನಮ್ಮ ಜೊತೆ ಕೂತು ನಗ್ತಿದ್ದ."

ಅತ್ತಿಗೆ ಪ್ಲೇಟನ್ನು ಮೇಜಿನ ಮೇಲಿಟ್ಟಳು. ಮಂಡಕ್ಕಿ ಹಾಗೇ ಇತ್ತು. ಯಾಸ್ಮೀನ್ "ಚಹಾ ತರ್ಲಾ ಅಮ್ಮಾ?" ಅಂದರೆ ಕೇಳಿಸಲಿಲ್ಲ ಅವಳಿಗೆ.

ಸಾರಥಿಗೆ ಹೋಗುವುದು ಬೇಡ ಅಂದಳು. ಹೊಳೆ ಹತ್ತಿರ ಕೂರೋಣ ಅಂದಳು. ಹರಿಹರೇಶ್ವರನ ಗುಡಿಯ ಹಿಂದೆ ಮೆಟ್ಟಿಲ ಮೇಲೆ ಮೂವರೂ ಕೂತೆವು. ಆ ವರ್ಷ ತುಂಗಭದ್ರೆಯಲ್ಲಿ ನೀರು ಚೆನ್ನಾಗಿತ್ತು. ಎದುರಿನ ದಂಡೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ನಾನು ಎದ್ದು ಆಚೆ ಹೋಗಲು ನೋಡಿದೆ. "ನೀನೂ ಕೂತ್ಕ, ಕೇಳಿಸ್ಕ," ಅಂತ ಅತ್ತಿಗೆ ನನ್ನ ಸೆರಗು ಹಿಡಿದಳು.

"ಶಿವಮೂರ್ತಪ್ಪ ಹೇಳಿದ್ದು ಖರೇನಾ?" ಅಂತ ಗಂಡನನ್ನು ಕೇಳಿದಳು.

ಅವರು ಏನು ಹೇಳಿದರು ಅಂತ ಅಣ್ಣ ಕೇಳಲಿಲ್ಲ. ಮೊದಲೇ ಗೊತ್ತಿತ್ತು ಅನ್ನುವವನ ಹಾಗೆ ತಲೆ ಆಡಿಸಿದ.

"ಹೇಳ್ರಿ. ನಿಮ್ಮ ಬಾಯಿಂದ ಕೇಳ್ತೀನಿ."

ನಿಧಾನಕ್ಕೆ, ನೀರಿನ ಕಡೆ ನೋಡಿಕೊಂಡು ಹೇಳಿದ. "ಜೋಡಿ ಮಿಂಚು ಮೊದಲು ಕಂಡೋನು ನಾನೇ. ಸಿಹಿ ಹಂಚಿದ್ವಿ. ನೀನೇ ಮನೆಯಾಗೆ ಸಜ್ಜಿಗೆ ಮಾಡಿದ್ದೆ. ಆಮ್ಯಾಲೆ ರಿಯಾಕ್ಟರ್ ನಿಲ್ಲಿಸಿದ್ರು. ಎಣಿಕೆ ಇಳಿಯೋದನ್ನ ನೋಡಾಕೆ ನಾನು ಕೂತೆ. ಇಳೀಲಿಲ್ಲ. ನಾಳೆ ಇಳೀತದೆ, ನಾಡಿದ್ದು ಇಳೀತದೆ ಅಂತ ಯಾರಿಗೂ ಹೇಳದೆ ಸುಮ್ನಾದೆ. ಅಷ್ಟರಾಗೆ ನಮ್ಮ ಮುಖ್ಯಸ್ಥರು ದಿಲ್ಲಿಯಾಗೆ ದೊಡ್ಡ ಸಭೆಯೊಳಗೆ ನಿಂತು, ನಮಗೆ ಸಿಕ್ತು ಅಂತ ಹೇಳಿ ಬಂದ್ರು. ನಾನು ಮೊದಲ ದಿನಾನೇ ಬಾಯಿ ಬಿಟ್ಟಿದ್ರೆ ಅವರು ಹೇಳ್ತಿರಲಿಲ್ಲ. ಎಲ್ಲರ ಮುಂದೆ ಆ ಮಾತು ವಾಪಸ್ ತಗೋಬೇಕಾತು ಅವರು."

"ಬೈದ್ರಾ?"

"ಇಲ್ಲ. 'ಹೋಗ್ಲಿ, ಎಲ್ಲಿ ತಪ್ಪೈತೆ ಹುಡುಕೋಣ' ಅಂದ್ರು. ಬೈದಿದ್ರೆ ಇರ್ತಿದ್ದೆನೋ ಏನೋ. ದಿನಾ ಅವರ ಮುಖ ನೋಡಾಕೆ ಆಗ್ಲಿಲ್ಲ ನನಗೆ."

ಅತ್ತಿಗೆ ದನಿ ಏರಿಸದೆ ಕೇಳಿದಳು.

"ಆಸ್ಪತ್ರೆಯಾಗೆ ನನ್ನ ತಲೆ ಮ್ಯಾಲೆ ಕೈ ಇಟ್ಟು ಅಂದ್ರಲ್ಲ, ನಿನಗಿಂತ ಅದು ಹೆಚ್ಚಲ್ಲ, ಬಿಟ್ಟು ಬರ್ತೀನಿ ಅಂತ. ಆವಾಗ ಬಿಡಾಕೆ ನಿಮ್ಮ ಕೈಯಾಗೆ ಏನಿತ್ತು?"

"ಕಸ್ತೂರಿ..."

"ಏನಿತ್ತು, ಹೇಳ್ರಿ."

"ಏನೂ ಇರಲಿಲ್ಲ," ಅಂದ ಅಣ್ಣ. "ಆ ಮಾತು ಆಡಿದಾಗ ನನಗೂ ಒಂದು ಗಳಿಗೆ ಅದು ನಿಜ ಅನ್ನಿಸ್ತು. ನೀನು ಕೂಸು ಕಳ್ಕಂಡು ಮಲಗಿದ್ದೆ. ಆ ಮಾತು ಕೇಳಿ ನಿನ್ನ ಮುಖ ಸ್ವಲ್ಪ ಗೆಲುವಾತು. ಸುಳ್ಳು ಅಂತ ಹೇಳಾಕೆ ಬಾಯಿ ಬರಲಿಲ್ಲ."

"ಆವಾಗ ಹೇಳೋದು ಬ್ಯಾಡ. ನಾನೇ ಒಪ್ತೀನಿ. ಆಮ್ಯಾಲೆ? ಸ್ನೇಹಾ ಹುಟ್ಟಿ ಮನೆ ತುಂಬಿದ ಮ್ಯಾಲೆ? ಮೈಸೂರಿಂದ ಕರೆದಾಗ? ಮನೆಗೆ ಬಂದೋರ ಮುಂದೆಲ್ಲಾ ನನ್ನ ಹೆಸರು ಹೇಳ್ತಿದ್ರಲ್ಲ, ಆವಾಗ? ನಾನು ಕಾಫಿ ಹಿಡ್ಕಂಡು ಅಲ್ಲೇ ನಿಂತಿರ್ತಿದ್ದೆ."

ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಮೈಸೂರಿಗೆ ಹೋದ್ರೆ ಅಲ್ಲೂ ಒಂದು ದಿನ ಎಣಿಕೆ ತಪ್ತದೆ ಅಂತ ಹೆದರಿಕೆ ಆತು. ನೀನೊಂದು ನೆಪ ಸಿಕ್ಕಿದ್ದೆ. ಮೊದಲ ಸಲ ಹೇಳೋದು ಕಷ್ಟ ಆಗಿತ್ತು. ಆಮ್ಯಾಲೆ ರೂಢಿ ಆತು."

"ನನಗೆ ಮಾಟುಂಗಾ ಬಿಟ್ಟು ಬರೋ ಮನಸೇ ಇರ್ಲಿಲ್ಲ," ಅಂದಳು ಅತ್ತಿಗೆ. ಅಣ್ಣ ಮುಖದಿಂದ ಕೈ ತೆಗೆದು ಅವಳನ್ನು ನೋಡಿದ. ಅದು ಅವನಿಗೂ ಹೊಸ ಸುದ್ದಿ. "ಎರಡು ತಿಂಗಳು ಅವ್ವನ ಹತ್ರ ಇದ್ದು ತಿರುಗಿ ಹೋಗ್ಬೇಕು ಅಂತಿದ್ದೆ. ಶಿಶುವಿಹಾರದ ಮಕ್ಕಳಿಗೆ ಹೇಳಿ ಬಂದಿದ್ದೆ, ಬರ್ತೀನಿ ಅಂತ. ನೀವು ನನ್ನ ಸಲುವಾಗಿ ಎಲ್ಲಾ ಬಿಟ್ರಿ ಅಂತ ತಿಳ್ಕಂಡು ನಾನು ಬಾಯಿ ಮುಚ್ಕಂಡೆ."

ಅಣ್ಣ ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತಿಗೆ ಅಳಲಿಲ್ಲ. ಅಲ್ಲಿಂದ ಎದ್ದು ಬಸ್ ಸ್ಟ್ಯಾಂಡಿಗೆ ನಡೆದಳು, ನಾವಿಬ್ಬರೂ ಹಿಂದೆ ಹೋದೆವು.

ಮನೆ ನಡೆಯಿತು. ರೊಟ್ಟಿ ಆಗುತ್ತಿತ್ತು, ಅವನ ಅಂಗಿಗೆ ಇಸ್ತ್ರಿ ಆಗುತ್ತಿತ್ತು, ಸ್ನೇಹಾಳ ಮುಂದೆ ಯಾವ ಮಾತೂ ಆಗುತ್ತಿರಲಿಲ್ಲ. ಅಣ್ಣ ನನ್ನನ್ನು ಕೇಳುತ್ತಿದ್ದ, "ನಿನಗೇನಾದ್ರೂ ಅಂದ್ಲಾ?" ಅಂತ. ಅವಳು ನನಗೂ ಹೆಚ್ಚು ಹೇಳಲಿಲ್ಲ. ಒಂದು ದಿನ ಮಾತ್ರ ಅಂದಳು: "ಕೆಲಸ ಬಿಡಿಸ್ದೆ ಅಂತ ಇಷ್ಟು ವರ್ಷ ದುಃಖ ಇತ್ತು ತಂಗಿ, ಅದರ ಜೊತೆಗೇ ಒಂದು ಹೆಮ್ಮೆನೂ ಇತ್ತು. ನನ್ನ ಸಲುವಾಗಿ ಅಷ್ಟು ದೊಡ್ಡದನ್ನ ಒಬ್ಬರು ಬಿಟ್ಟಿದ್ರಲ್ಲ ಅಂತ. ದುಃಖ ಹೋದ್ರೆ ಹೋಗ್ಲಿ. ಆ ಹೆಮ್ಮೆನೂ ಹೋತು ನೋಡು." ನಾನು ಅವಳ ಪಕ್ಕಕ್ಕೆ ಸರಿದು ಕೂತೆ.

ದೀಪಾವಳಿಗೆ ಎಲ್ಲರೂ ಕುಕ್ಕುವಾಡಕ್ಕೆ ಹೋಗುವ ಮೊದಲು ಅವಳು ಗಂಡನಿಂದ ಒಂದೇ ಒಂದು ಕೇಳಿದಳು. "ಅತ್ತೆಗೆ ಹೇಳಿಬಿಡ್ರಿ. ಅವರು ಇನ್ನೊಂದು ಸಲ ನನ್ನ ಹೊಗಳೋದನ್ನ ಕೇಳಾಕೆ ಆಗಲ್ಲ ನನಗೆ."

ಅಣ್ಣ ಹೇಳಿದ. ಅವ್ವನಿಗೆ ಎಂಬತ್ತು ದಾಟಿತ್ತು, ಒಂದು ಕಿವಿ ಮಂದ. ಕಟ್ಟೆಯ ಮೇಲೆ ಅವಳ ಒಳ್ಳೆ ಕಿವಿಯ ಕಡೆ ಕೂತು, ಹೆಂಡತಿಯ ಎದುರಿಗೇ, ಗಟ್ಟಿ ದನಿಯಲ್ಲಿ ಹೇಳಿದ. ಕಸ್ತೂರಿ ಕರೆದಳು ಅಂತ ತಾನು ಬಂದಿದ್ದಲ್ಲ, ಕೆಲಸದಲ್ಲಿ ತಪ್ಪಾಗಿ ಮುಖ ತೋರಿಸಲಾರದೆ ಮೊದಲೇ ಬಿಟ್ಟಿದ್ದೆ, ಇಷ್ಟು ವರ್ಷ ಅವಳ ಹೆಸರು ಹೇಳಿದೆ ಅಂತ. ಅವ್ವ ಕೇಳಿಸಿಕೊಂಡಳು. ಎಲೆ ಅಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಲಿಲ್ಲ.

"ಅಲ್ಲೋ," ಅಂದಳು, "ಇವ್ಳು ಊರಿಗೆ ಹೋಗಣ ಅಂತ ಅಳದಿದ್ರೆ, ಆ ಕೆಲಸ ಬಿಟ್ಟೋನು ಇಲ್ಲಿಗೇ ಬರ್ತಿದ್ಯಾ? ಇನ್ನೊಂದು ಊರು ನೋಡ್ಕಂತಿದ್ದಿ. ನನ್ ಸೊಸಿನೇ ಕರ್ಕಂಡ್ ಬಂದಿದ್ದು. ಮಹಾತಾಯಿ."

ಅತ್ತಿಗೆ ನನ್ನ ಮುಖ ನೋಡಿದಳು. ನಗು ಬಂತೋ, ಅಳು ಬಂತೋ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವ್ವನ ಮಾತಿನಲ್ಲಿ ಸುಳ್ಳು ಹುಡುಕಲು ಹೋದರೆ ನನಗೂ ಸಿಗಲಿಲ್ಲ. ಆಮೇಲೆ ಅವ್ವನಿಗೆ ತಿಳಿಸುವ ಗೊಡವೆಗೆ ಯಾರೂ ಹೋಗಲಿಲ್ಲ.

ಮರುವರ್ಷ ಫೆಬ್ರುವರಿಯಲ್ಲಿ ದಾವಣಗೆರೆಯಲ್ಲೇ ಅಣ್ಣನ ಭಾಷಣ ಇತ್ತು, ಅದೇ ವಿಷಯದ ಮೇಲೆ. ಸಭಾಂಗಣ ತುಂಬ ಕಾಲೇಜಿನ ಹುಡುಗರು. ಅತ್ತಿಗೆಯನ್ನು ಕರೆದೆ. "ನೀನು ಹೋಗು, ನನಗೆ ಕೆಲಸ ಐತೆ" ಅಂದಳು. ಅಣ್ಣ ಅವತ್ತು ರಿಯಾಕ್ಟರಿನ ಮಾತಿಗೆ ಬಂದಾಗ ನಿಲ್ಲಲಿಲ್ಲ. ಜೋಡಿ ಮಿಂಚು ಕಂಡದ್ದು, ರಿಯಾಕ್ಟರ್ ನಿಂತರೂ ಎಣಿಕೆ ಇಳಿಯದೆ ಇದ್ದದ್ದು, ತಾನು ಮುಚ್ಚಿಟ್ಟದ್ದು, ಓಡಿ ಬಂದದ್ದು, ಎಲ್ಲ ಹೇಳಿದ. "ಆ ತಪ್ಪನ್ನ ಇಪ್ಪತ್ತೆರಡು ವರ್ಷ ನನ್ನ ಹೆಂಡತಿ ಮೇಲೆ ಹಾಕಿ ಬದುಕಿದೆ. ನೀವು ಯಾರೂ ಹಂಗೆ ಮಾಡಬ್ಯಾಡ್ರಿ. ಎಣಿಕೆ ತಪ್ಪಿದ್ರೆ ತಪ್ಪಿದ ದಿನವೇ ಹೇಳ್ರಿ" ಅಂದ.

ಅಲ್ಲಿಂದ ಸೀದಾ ನಿಜಲಿಂಗಪ್ಪ ಬಡಾವಣೆಗೆ ಬಂದೆ. ಅತ್ತಿಗೆ ಹಿತ್ತಲ ಕಟ್ಟೆಯ ಮೇಲೆ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ.

"ಹೇಳಿದ್ರಾ?" ಅಂತ ಅವಳೇ ಕೇಳಿದಳು.

"ಹೇಳ್ದ. ಎಲ್ಲಾ ಹೇಳ್ದ. ನಿನ್ನ ಮಾತೂ ಹೇಳ್ದ."

"ಜನ ಏನಂದ್ರು?"

"ಎದ್ದು ನಿಂತು ಚಪ್ಪಾಳೆ ಹೊಡೆದ್ರು ಅತ್ತಿಗೆ. ಬಹಳ ಹೊತ್ತು."

ಅವಳ ಕೈ ನಿಂತಿತು.

"ಅದಕ್ಕೂ ಅವರಿಗೇ ಚಪ್ಪಾಳೆನಾ?" ಅಂದಳು.

ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡು ಮತ್ತೆ ಸುಲಿಯತೊಡಗಿದಳು.